ಕಾರಿನ ಮಾಡಿಗೆ ಬೂತಾಯಿ ಎಣ್ಣೆ

ಮಣ್ಣಗುಡ್ಡ, ಮಂಗಳೂರು
೧೮ ಮೇ ೨೦೨೫, ಭಾನುವಾರ

ಮಗ ಭುವನ್‌ಗೆ ಅಮ್ಮನ ಆಶೀರ್ವಾದ.

ಆರೋಗ್ಯವಾಗಿದ್ದೀಯಾ? ಬಹ್ರೈನಿನಲ್ಲಿ ಸೆಕೆ ಹೇಗುಂಟು? ಹೋದ ಶುಕ್ರವಾರ ಫೋನಿನಲ್ಲಿ ನಿನ್ನ ಕೆಮ್ಮು ಕೇಳಿಸಿತು. ಒದ್ದೆ ತಲೆಯಲ್ಲಿ ಎಸಿ ಹಾಕಿ ಮಲಗಬೇಡ ಎಂದು ಎಷ್ಟು ಸಲ ಹೇಳುವುದು? ನಿನ್ನ ದೊಡ್ಡಮ್ಮನ ಮಗ ಮುಖೇಶ ನಾಳೆ ವಿಮಾನ ಹತ್ತುತ್ತಾನಲ್ಲ, ಅವನ ಕೈಯಲ್ಲಿ ಒಣ ಸಿಗಡಿ ಚಟ್ನಿ, ಕುಚ್ಚಲಕ್ಕಿ ಮತ್ತು ಈ ಕಾಗದ ಕೊಡುತ್ತಿದ್ದೇನೆ. ಚಟ್ನಿ ಡಬ್ಬಿಯನ್ನು ರೂಮಿನವರೆದುರು ತೆರೆಯಬೇಡ. ಫೋನ್ ಇರುವಾಗ ಕಾಗದ ಎಂತಕ್ಕೆ ಎಂದು ನೀನು ಕೇಳುವವನೇ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ನಾನು ಹೇಳಿ ಮುಗಿಸುವ ತನಕ ನೀನು ಸುಮ್ಮನಿರಬೇಕಾಗುತ್ತದೆ.

ನಿನ್ನ ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ, ಊಟ ಸರಿಯಾಗಿ ಮಾಡುತ್ತಾರೆ, ನನ್ನ ಮೇಲೆ ರೇಗುವುದನ್ನೂ ಬಿಟ್ಟಿಲ್ಲ. ಮೊದಲು ಇದನ್ನು ಓದಿಕೊಂಡು ಆಮೇಲೆ ಮುಂದಿನದನ್ನು ಓದು. ಬಿಸು ಹಬ್ಬಕ್ಕೆ ಮೊದಲು ಅವರು ಮೀನು ಇಳಿಸುವ ದಕ್ಕೆಯಲ್ಲಿ ಐಸಿನ ತುಂಡಿನ ಮೇಲೆ ಕಾಲಿಟ್ಟು ಜಾರಿ ಬಿದ್ದರು. ದೋಣಿ ಬಿಟ್ಟು ಇಷ್ಟು ವರ್ಷವಾದರೂ ಬೆಳಿಗ್ಗೆ ಹೋಗಿ ಅಲ್ಲಿನ ಹುಡುಗರಿಗೆ ಬಲೆ ಒಣಗಿಸುವುದು ಹೇಗೆಂದು ಬೈದು ಬಾರದಿದ್ದರೆ ಅವರಿಗೆ ಚಹಾ ಇಳಿಯುವುದಿಲ್ಲ, ನಿನಗೆ ಗೊತ್ತೇ ಉಂಟು. ಮೊಣಕಾಲಿನ ಚಿಪ್ಪು ಬಿರುಕು ಬಿಟ್ಟಿತು. ತೊಡೆಯಿಂದ ಹಿಮ್ಮಡಿ ತನಕ ಪ್ಲಾಸ್ಟರ್ ಹಾಕಿ, ಕಾಲು ಮಡಚಲೇ ಬಾರದು ಎಂದರು. ನಿನಗೆ ತಿಳಿಸುತ್ತೇನೆ ಎಂದರೆ "ಬೇಡ, ಕಾಲು ಮುರಿಯಿತು ಅಂತ ಅವನು ನನ್ನ ಹತ್ತಿರ ಮಾತಾಡುವುದು ಬೇಡ" ಎಂದರು. ಅದಕ್ಕೇ ನಾನು ಪ್ರತಿ ಶುಕ್ರವಾರ ಎಲ್ಲಾ ಸರಿ ಉಂಟು ಎನ್ನುತ್ತಿದ್ದದ್ದು. ನೀನೂ ಕೇಳುವುದು "ಅಪ್ಪ ಹೇಗಿದ್ದಾರೆ" ಎಂದು ನನ್ನನ್ನೇ, ಅವರೂ ಕೇಳುವುದು "ಅವನಿಗೆ ಊಟ ಸಿಗ್ತದಂತಾ" ಎಂದು ನನ್ನನ್ನೇ. ಎರಡು ವರ್ಷದಿಂದ ನಾನು ನಿಮ್ಮಿಬ್ಬರ ನಡುವಿನ ಪೋಸ್ಟ್‌ಮ್ಯಾನ್ ಆಗಿದ್ದೇನೆ. ನನಗೂ ಪ್ರಾಯವಾಯಿತು.

ಈಗ ನಿನ್ನ ಕಾರಿನ ವಿಷಯ. ಎದ್ದು ನಿಲ್ಲಬೇಡ, ಕೂತು ಓದು. ಆಸ್ಪತ್ರೆಯವರು ವಾರಕ್ಕೊಮ್ಮೆ ಅತ್ತಾವರಕ್ಕೆ ಕರೆದುಕೊಂಡು ಬನ್ನಿ ಎಂದಿದ್ದರು. ಆಂಬುಲೆನ್ಸ್ ಕರೆದರೆ ನಿನ್ನ ಅಪ್ಪ "ಸೇಸಪ್ಪ ಸತ್ತ ಅಂತ ಬೀದಿಯವರು ಇಣುಕಿ ನೋಡಬೇಕಾ" ಎಂದರು. ಆಟೋ ತಂದರೆ "ಕಾಲು ಹೊರಗೆ ಚಾಚಿಕೊಂಡು ಹೋಗಲಿಕ್ಕೆ ನಾನೆಂತ ಬಾಳೆಗೊನೆಯಾ" ಎಂದರು. ಬೇರೆ ಯಾವ ಕಾರಿನಲ್ಲಿ ಕೂತರೂ ಮೊಣಕಾಲು ಮಡಚಬೇಕು. ಆಗ ನನಗೇ ಹೊಳೆಯಿತು. ಕಾಲು ಉದ್ದಕ್ಕೆ ಚಾಚಿ ಕೂರುವ ಗಾಡಿ ನಮ್ಮ ಅಂಗಳದಲ್ಲೇ ಉಂಟಲ್ಲ, ನೆಲಕ್ಕೆ ಅಂಟಿಕೊಂಡ ಹಾಗೆ. ಬಾಗಿಲಿನಿಂದ ಕೂರಿಸಲು ನೋಡಿದೆವು. ಕಾಲು ಮೊದಲು ಹಾಕಿದರೆ ತಲೆ ತಾಗಿತು, ತಲೆ ಮೊದಲು ಹಾಕಿದರೆ ಕಾಲು ಅಂಗಳದಲ್ಲೇ ಉಳಿಯಿತು. "ಹಾಗಾದರೆ ತಲೆ ಮೇಲಿನ ಮಾಡು ಕಳಚಿ ಅಲ್ಲಿಂದ ಇಳಿಸುವ" ಎಂದೆ. ಮಾನ್ಯಾ "ಅಮ್ಮಾ, ಮಾಡು ಮುಟ್ಟಿದರೆ ಅಣ್ಣ ಕೊಲ್ತಾನೆ" ಎಂದಳು. "ನಿನ್ನ ಅಣ್ಣನನ್ನು ಹೆತ್ತವಳು ನಾನು" ಎಂದೆ.

ನೀನು ತಂಗಿಗೆ ತೋರಿಸಿಕೊಟ್ಟ ಹಾಗೆಯೇ ಮಾಡಿದೆವು. ಗಾಜು ಇಳಿಸಿ, ಎದುರಿನ ಎರಡು ಕೊಂಡಿ ಬಿಡಿಸಿ, ಅವಳು ಒಂದು ಬದಿ ನಾನೊಂದು ಬದಿ ನಿಂತು, ಮುಂದಿನ ಅಂಚನ್ನು ಸ್ವಲ್ಪ ಎತ್ತಿ ಮುಂದಕ್ಕೆ ಎಳೆದಾಗ ಹಿಂದಿನ ಗೂಟಗಳು ತೂತಿನಿಂದ ಹೊರಗೆ ಬಂದವು. ಭಾರವೇನಿಲ್ಲ. ಆದರೆ ಒಬ್ಬರು ಚೂರು ಓರೆ ಮಾಡಿದರೂ ಇನ್ನೊಬ್ಬರ ಬದಿ ಕಚ್ಚಿಕೊಳ್ಳುತ್ತದೆ. ನೀನು ಎರಡು ವರ್ಷದಿಂದ ಮಲಗದ ಮಂಚದ ಮೇಲೆ ಕಂಬಳಿ ಹಾಸಿ ಅದನ್ನು ಮಲಗಿಸಿದೆವು. ನಿನ್ನ ಕ್ಲಾಸ್‌ಮೇಟ್ ನೆವಿಲ್ ಗ್ಯಾರೇಜಿನಿಂದ ಬಂದ, ಅಪ್ಪನ ಜೊತೆ ದೋಣಿಯಲ್ಲಿದ್ದ ಅಣ್ಣು ಬಂದ. ಇಬ್ಬರೂ "ಐಸಾ" ಎಂದು ಎತ್ತಿ, ಬಲೆಯನ್ನು ದೋಣಿಗೆ ಇಳಿಸುವ ಹಾಗೆ ನಿನ್ನ ಅಪ್ಪನನ್ನು ಇಳಿಸಿದರು. ಸೀಟು ಹಿಂದಕ್ಕೆ ಸರಿಸಿದ ಮೇಲೆ ಕಾಲು ನೆಟ್ಟಗೆ ಕೂತಿತು. ಮಾನ್ಯಾ ಓಡಿಸಿದಳು. ಇಬ್ಬರಿಗೇ ಜಾಗ ಇರುವ ಗಾಡಿಯಾದ್ದರಿಂದ ನಾನು ಹಿಂದೆ ಆಟೋದಲ್ಲಿ.

ಆಸ್ಪತ್ರೆ ಮುಗಿಸಿ ಬರುವಾಗ ಕಾರು ಮನೆಯ ದಾರಿ ಬಿಟ್ಟು ಪಣಂಬೂರಿನ ಕಡೆ ಹೋಯಿತು. ಆಟೋದವನಿಗೆ ಹಿಂದೆಯೇ ಹೋಗು ಮಾರಾಯ ಎಂದು ಕಿರುಚಿ ಕಿರುಚಿ ನನ್ನ ಗಂಟಲು ಹೋಯಿತು. ಹೋಗಿ ನೋಡಿದರೆ ಕಾರು ಸಮುದ್ರದ ಎದುರು ನಿಂತಿದೆ, ನಿನ್ನ ಅಪ್ಪ ಬೋಳು ತಲೆಗೆ ಗಾಳಿ ಹಾಕಿಸಿಕೊಂಡು ಕೂತಿದ್ದಾರೆ. ಬೈಯಲು ಬಾಯಿ ತೆರೆದೆ. ಅವರೇ ಮೊದಲು "ದೋಣಿಯಲ್ಲಿ ಕೂತ ಹಾಗೆಯೇ ಉಂಟು. ತಲೆ ಮೇಲೆ ಎಂತದೂ ಇಲ್ಲ. ಇದನ್ನು ಅವನು ಮೊದಲೇ ಹೇಳಬಾರದಿತ್ತಾ?" ಎಂದರು. ನನಗೆ ಬಂದ ಸಿಟ್ಟು! "ಕಾರು ತಂದ ದಿನ ಒಂದು ಸಲ ಕೂತು ನೋಡಿ ಅಪ್ಪಾ ಅಂತ ಅವನು ಎಷ್ಟು ಕೇಳಿಕೊಂಡ. ನೀವು ಕೂತಿರಾ? ಒಂದು ಬುಟ್ಟಿ ಮೀನು ಇಡಲಿಕ್ಕೆ ಜಾಗ ಇಲ್ಲ, ಇದೂ ಒಂದು ಗಾಡಿಯಾ ಅಂತ ಬೀದಿಯವರೆದುರು ನಗಾಡಿದಿರಿ" ಎಂದೆ. ಮುಂದಿನ ವಾರ ಅವರು ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಬೇಗ ಶೇವ್ ಮಾಡಿ ಕೂತಿದ್ದರು. ನಾನು ನಿನ್ನ ಪಕ್ಷ ವಹಿಸುತ್ತೇನೆಂದು ತಿಳಿಯಬೇಡ. ಅಪ್ಪನ ಕಾಲು ಮುಟ್ಟದೆ ವಿಮಾನ ಹತ್ತಿದವನು ನೀನು.

ಈ ನಡುವೆ ಮತ್ತೆ ಎದ್ದು ಹೋಗಿ ಕಾರಿಗೆ ಹೊದಿಸಿದ ಟಾರ್ಪಾಲು ನೋಡಿ ಬಂದೆ. ಪಡುವಣದಲ್ಲಿ ಮೋಡ ಕಪ್ಪಾಗಿದೆ. ಬೆಳಿಗ್ಗೆಯಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ. ಯಾಕೆಂದರೆ ಮಾಡು ಕೂರುತ್ತಿಲ್ಲ.

ಪ್ಲಾಸ್ಟರ್ ತೆಗೆಯುವ ತನಕ ಅದು ಮಂಚದ ಮೇಲೆಯೇ ಇತ್ತು. ಅಂಚಿನ ರಬ್ಬರು ಒಣಗಿ ಬಿರಿದದ್ದು ಕಂಡು ನನಗೆ ಸಹಿಸಲಾಗಲಿಲ್ಲ. ನನ್ನ ತವರಿನಲ್ಲಿ ಮಳೆಗಾಲಕ್ಕೆ ದಡ ಹತ್ತಿಸಿದ ಪ್ರತಿ ದೋಣಿಗೂ ಮೀನೆಣ್ಣೆ ತಿಕ್ಕದೆ ಬಿಟ್ಟದ್ದಿಲ್ಲ. ಎಣ್ಣೆ ಕುಡಿದ ಹಲಗೆಗೆ ನೀರು ಹೋಗುವುದಿಲ್ಲ. ಅಣ್ಣುವಿಗೆ ಹೇಳಿ ದಕ್ಕೆಯಿಂದ ಬೂತಾಯಿ ಮೀನಿನ ಎಣ್ಣೆ ತರಿಸಿ ದಿನಾ ಸಂಜೆ ಆ ರಬ್ಬರಿಗೆ ತಿಕ್ಕಿದೆ. ನಿನ್ನ ವಸ್ತು ನೀನು ನೋಡಿಕೊಳ್ಳಲಿಲ್ಲ, ನಾನು ನೋಡಿಕೊಂಡೆ. ಮೊನ್ನೆ ಮಾನ್ಯಾ ಮತ್ತು ನಾನು ಎತ್ತಿ ಹಿಂದಿನ ಗೂಟಗಳನ್ನು ತೂತಿಗೆ ಸರಿಯಾಗಿಯೇ ಸೇರಿಸಿದೆವು. ಮುಂದಿನ ಅಂಚು ಮಾತ್ರ ಕೆಳಗೆ ಇಳಿಯಲೇ ಇಲ್ಲ. ರಬ್ಬರು ಬಾತು ಉಬ್ಬಿದೆ, ಕೊಂಡಿ ಸಿಗುವುದಿಲ್ಲ. ನಾನು ಮೇಲೆ ಕೈಯೂರಿ ಒತ್ತುತ್ತಿದ್ದೆ. ನೆವಿಲ್ ಓಡಿ ಬಂದು "ಆಂಟೀ, ಒತ್ತಬೇಡಿ, ಎದುರಿನ ಗಾಜು ಒಡೀತದೆ! ರಬ್ಬರಿಗೆ ಮೀನೆಣ್ಣೆ ಯಾರಾದರೂ ಹಾಕ್ತಾರಾ ಮಾರಾಯ್ರೆ?" ಎಂದ. ನಮ್ಮಲ್ಲಿ ಹಾಕ್ತಾರೆ ಎಂದೆ. ಅವನ ಮುಸಿಮುಸಿ ನಗೆ ನನಗೆ ಹಿಡಿಸಲಿಲ್ಲ. ಸೋಪುನೀರಿನಲ್ಲಿ ತೊಳೆದಾಯಿತು, ಬಿಸಿಲಿಗೆ ಇಟ್ಟಾಯಿತು, ಉಬ್ಬು ಇಳಿಯಲಿಲ್ಲ. ಮಣ್ಣಗುಡ್ಡದ ಬೆಕ್ಕುಗಳೆಲ್ಲ ಈಗ ನಿನ್ನ ಕಾರಿನ ಸುತ್ತ ಸಂಸಾರ ಹೂಡಿವೆ. ಅಟ್ಟಿದರೆ ಬಾನೆಟ್ಟಿನ ಮೇಲೆ ಹತ್ತಿ ನನ್ನನ್ನೇ ನೋಡುತ್ತವೆ. ಮಳೆ ಹಿಡಿದರೆ ಟಾರ್ಪಾಲು ಎಷ್ಟು ತಡೆದೀತು?

ಕುಂದಾಪುರದವರು ತಿಂಗಳ ಕೊನೆಗೆ ಕಾರು ನೋಡಲು ಬರುತ್ತಾರೆ, ಕೀಲಿ ಕೊಡಿ ಎಂದು ನೀನು ಶುಕ್ರವಾರ ಹೇಳಿದೆ. ಆಗಲಿ ಎಂದು ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಕಾರು ಇದ್ದರೆ ಅದನ್ನು ನೋಡಲಿಕ್ಕಾದರೂ ಒಂದು ದಿನ ಬರುತ್ತೀ ಎಂದು ನಾನು ಅಂಗಳದಲ್ಲಿ ಅರ್ಧ ಜಾಗ ಅದಕ್ಕೆ ಬಿಟ್ಟು, ಹಪ್ಪಳ ಮಾಳಿಗೆಯಲ್ಲಿ ಒಣಗಿಸಿದ್ದು. ಅದೂ ಹೋದರೆ ನಿನಗೆ ಈ ಮನೆಗೆ ಬರಲು ಎಂತ ಕಾರಣ ಉಳಿಯುತ್ತದೆ? ನಿನ್ನ ಅಪ್ಪನಿಗೂ ಮಾರುವ ವಿಷಯ ಹೇಳಿದೆ. ಕೋಲು ಊರಿಕೊಂಡು ಅಂಗಳಕ್ಕೆ ಇಳಿದು, ಟಾರ್ಪಾಲಿನ ಹಗ್ಗ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು. ಅದು ದೋಣಿಗೆ ಹಾಕುವ ಗಂಟು. ಕುಂದಾಪುರದವರಿಗೆ ಬಿಚ್ಚಲು ಬರಲಿಕ್ಕಿಲ್ಲ.

ಮಾನ್ಯಾ ನಿನ್ನನ್ನು ತುಂಬಾ ಕೇಳಿದ್ದಾಳೆ, ಗೇರ್ ಹಾಕುವಾಗ ಬರುವ ಶಬ್ದಕ್ಕೆ ತಾನು ಹೊಣೆಯಲ್ಲವಂತೆ. ಹೊತ್ತಿಗೆ ಸರಿಯಾಗಿ ಉಣ್ಣು. ಉಚ್ಚಿಲದ ಅಮ್ಮ ನಿನ್ನನ್ನು ಕಾಯಲಿ.

ನಿನ್ನ ತಾಯಿ,
ದಮಯಂತಿ

ತಾ.ಕ.: ಮುಖೇಶ ಗೇಟಿನಲ್ಲಿ ಹಾರ್ನ್ ಹಾಕುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ರಬ್ಬರು ಇಲ್ಲಿ ಸಿಗುವುದಿಲ್ಲ, ಅಲ್ಲಿ ಸಿಗುತ್ತದೆ ಎಂದು ನೆವಿಲ್ ಹೇಳಿದ. ಯಾರ ಕೈಯಲ್ಲೂ ಕಳಿಸಬೇಡ, ನೀನೇ ತಾ. ಹಾಕಿಕೊಡುತ್ತೇನೆ ಎಂದ ನೆವಿಲ್‌ನನ್ನು ನಿನ್ನ ಅಪ್ಪ ವಾಪಸು ಕಳಿಸಿದ್ದಾರೆ. ಮಾಡು ಎತ್ತುವಾಗ ಎಡಬದಿ ತಾವೇ ಹಿಡಿಯುತ್ತಾರಂತೆ, ಬಲಬದಿಗೆ ನನ್ನನ್ನೂ ನಿಲ್ಲಲು ಬಿಡುವುದಿಲ್ಲವಂತೆ. ಇದನ್ನು ಬರೆ ಎಂದು ಅವರೇ ಹೇಳಿದ್ದು.