ಮೂರನೆಯ ಸಲ ಏಳಬಾರದು

ಆಂಟಾಪ್ ಹಿಲ್, ಮುಂಬೈ
ರವಿವಾರ, ೧೨ ಅಕ್ಟೋಬರ್ ೨೦೨೫

ಪ್ರೀತಿಯ ಅವ್ವಾ,

ಕರ್ತನ ದಯೆಯಿಂದ ಎಲ್ಲ ಕ್ಷೇಮ ಎಂದು ಬರೆದೇ ಕಾಗದ ಶುರು ಮಾಡಬೇಕೆಂದು ನೀನು ಕಲಿಸಿದ್ದೀಯ. ಈ ಸಲ ಆ ಸಾಲು ಬಿಟ್ಟಿದ್ದೇನೆ, ಬೈಯಬೇಡ. ಫೋನಿನಲ್ಲೇ ಹೇಳೋಣವೆಂದು ಈ ವಾರ ನಾಲ್ಕು ಸಲ ನಿನಗೆ ಹಚ್ಚಿದೆ. ನಿನ್ನ ದನಿ ಕೇಳಿದ ಕೂಡಲೇ ಬೆಟಗೇರಿಯಲ್ಲಿ ಮಳೆ ಆಯಿತೇ, ಚಿಕ್ಕವ್ವನ ಕಾಲು ಹೇಗಿದೆ ಎಂದು ಏನೇನೋ ಕೇಳಿ ಇಟ್ಟುಬಿಟ್ಟೆ.

ಕಲ್ಲು ಕೆತ್ತುವ ಶಬ್ಬೀರಣ್ಣ ಮೊನ್ನೆ ಮನೆಗೆ ಬಂದಿದ್ದರು. ಅಪ್ಪ ಹೋಗಿ ವರ್ಷ ತುಂಬಲು ಇನ್ನು ಮೂರು ವಾರ ಉಳಿಯಿತು. ಇನ್ನು ಹತ್ತು-ಹನ್ನೆರಡು ದಿನದೊಳಗೆ ಬರಹ ಕೊಟ್ಟರೆ ಮಾತ್ರ ಅಷ್ಟರಲ್ಲಿ ಸಮಾಧಿಗೆ ಕಲ್ಲು ಕೂರಿಸಲು ಆಗುತ್ತದಂತೆ. ಅವರೂ ನಮ್ಮ ಸೀಮೆಯವರೇ, ವಿಜಯಪುರದವರು, ಮುಂಬೈಯಲ್ಲಿ ಕನ್ನಡ ಕೆತ್ತುವ ಕೆಲಸ ಸಿಕ್ಕಿತೆಂದು ಖುಷಿಯಾಗಿದ್ದರು. ನೀನು ಕಳಿಸಿದ ಚೀಟಿಯನ್ನು ಕೊಟ್ಟೆ. ‘ದೇವದಾನ ಬಸವಂತಪ್ಪ, ನಿದ್ರೆಯಲ್ಲಿಯೇ ಕರ್ತನನ್ನು ಸೇರಿದರು’ ಎಂದು ಜೋರಾಗಿ ಓದಿ, “ಒಂದ್ ಮಾತಿಲ್ಲದ ನಿದ್ದ್ಯಾಗ ಹೋಗೂದಂದ್ರ ಪುಣ್ಯವಂತ್ರು ಬಿಡ್ರಿ ಅಕ್ಕಾ” ಅಂದರು. ನಾನು ಚೀಟಿ ವಾಪಸು ಇಸಿದುಕೊಂಡೆ. ಅವ್ವನನ್ನು ಇನ್ನೊಮ್ಮೆ ಕೇಳಿ ಕೊಡುತ್ತೇನೆ ಎಂದೆ.

ಏನು ಕೇಳುವುದು ಅವ್ವಾ? ಆ ಸಾಲು ನಿನ್ನದಲ್ಲ, ನಿನಗೆ ಹೇಳಿಕೊಟ್ಟವಳು ನಾನೇ. ಅಪ್ಪ ಹೋದ ದಿನ ನೀನು ಚಿಕ್ಕವ್ವನ ಕಾಲಿನ ಆಪರೇಷನ್ ಎಂದು ಬೆಟಗೇರಿಯಲ್ಲಿದ್ದೆ. ಮರುದಿನ ಬಂದು ಬಾಗಿಲಲ್ಲೇ ನನ್ನ ಭುಜ ಹಿಡಿದು, “ಕರದ್ರೇನು? ನನ್ನ ಕರದ್ರೇನು?” ಎಂದು ಕೇಳಿದೆ. ಯಾರನ್ನೂ ಕರೆಯಲಿಲ್ಲ, ನಿದ್ದೆಯಲ್ಲೇ ಹೋದರು ಎಂದೆ. ಮಣ್ಣಿಗೆ ಬಂದ ಪ್ರತಿಯೊಬ್ಬರಿಗೂ ನೀನು ಅದನ್ನೇ ಹೇಳಿದೆ. ಬೆಟಗೇರಿಗೆ ಮರಳಿ ಹೋದ ಮೇಲೂ ಒಂದು ವರ್ಷದಿಂದ ಆ ಮಾತಿನ ಮೇಲೆಯೇ ಬದುಕಿದ್ದೀಯ. ಅದನ್ನು ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಕಲ್ಲಿನ ಮೇಲೆ ಬರೆಸಲೂ ನನ್ನಿಂದಾಗದು.

ಅಪ್ಪ ಕರೆದರು. ನನ್ನನ್ನು ಕರೆದರು.

ನಮ್ಮಿಬ್ಬರ ಆಟ ನಿನಗೆ ನೆನಪಿದೆಯಲ್ಲ? ದೇವರ ಹೆಸರಿನಲ್ಲಿ ಎಂಥ ಆಟ ಎಂದು ನೀನು ಸಿಡುಕುತ್ತಿದ್ದೆಯಲ್ಲ, ಅದೇ. ಸಂಡೇ ಸ್ಕೂಲಿನ ಕಥೆಯಲ್ಲಿ ಗುಡಾರದಲ್ಲಿ ಮಲಗಿದ ಹುಡುಗನನ್ನು ದೇವರು ಕರೆಯುತ್ತಾನೆ, ಹುಡುಗ ಮುದಿ ಯಾಜಕನೇ ಕರೆದನೆಂದು ಎದ್ದು ಓಡುತ್ತಾನೆ; ಕೊನೆಗೆ ಯಾಜಕ, ಅದು ದೇವರ ಕರೆ, ಇನ್ನೊಮ್ಮೆ ಬಂದರೆ ಮಲಗಿದಲ್ಲೇ ‘ಹೇಳು, ಕೇಳುತ್ತಿದ್ದೇನೆ’ ಎನ್ನು ಎಂದು ಕಳಿಸುತ್ತಾನೆ. ರವಿವಾರ ಚರ್ಚಿನಿಂದ ಬಂದು ಉಂಡ ಮೇಲೆ ನಾನು ಒಳಗಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಬೇಕು. ಹೊರಗಿನ ಕೋಣೆಯ ಕುರ್ಚಿಯಲ್ಲಿ ಅಪ್ಪ. ಇಡೀ ವಾರ ನನ್ನನ್ನು ‘ತಂಗಿ’ ಎನ್ನುವವರು ಆಟದಲ್ಲಿ ಮಾತ್ರ ಪೂರ್ತಿ ಹೆಸರು ಹಿಡಿದು “ಸುವಾರ್ತಾ” ಎನ್ನುತ್ತಿದ್ದರು. ನಾನು ಓಡಿ ಹೋದರೆ ಗೊರಕೆ ಹೊಡೆಯುವ ನಾಟಕ. ಎಬ್ಬಿಸಿದರೆ, “ನಾ ಕರದಿಲ್ಲವಾ, ಹೋಗಿ ಮಲಕೋ.” ಎರಡು ಸಲ ಹೀಗೆ. ಮೂರನೆಯ ಸಲ ಏಳಬಾರದು, ಅದೇ ಆಟದ ನಿಯಮ. ಮಲಗಿದಲ್ಲಿಂದಲೇ “ಹೇಳು, ಕೇಳಾಕತ್ತೇನಿ” ಎನ್ನಬೇಕು. ಆಗ ಗಡಸು ದನಿಯಲ್ಲಿ ಅಪ್ಪಣೆ ಬರುತ್ತಿತ್ತು: ಅವ್ವನ ಡಬ್ಬಿಯಿಂದ ಎರಡು ಶೇಂಗಾ ಉಂಡಿ ತೆಗೆದುಕೊಂಡು ಬಾ. ಉಂಡಿ ಕಡಿಮೆಯಾಗುತ್ತಿದ್ದುದು ಹೀಗೆ, ಇಲಿಯಿಂದಲ್ಲ.

ಸ್ವಲ್ಪ ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ, ದೇವರು ನಿಜವಾಗಿ ಕರೆದರೆ ಗೊತ್ತಾಗುವುದು ಹೇಗೆ ಎಂದು. “ಎದ್ದ್ ಹೋದ ಮ್ಯಾಲನ ತಿಳೀತದ, ತಂಗಿ. ಮಲಕೊಂಡವ್ರಿಗೆ ತಿಳಿಯೂದಿಲ್ಲ” ಅಂದಿದ್ದರು. ಅವರ ಬೋಧನೆ ಯಾವಾಗಲೂ ಇಷ್ಟೇ, ಒಂದು ಸಾಲು. ಮೂವತ್ತಾರು ವರ್ಷದ ನನ್ನ ಜೊತೆಗೂ ಆಗೊಮ್ಮೆ ಈಗೊಮ್ಮೆ ಆ ಆಟ ಆಡುತ್ತಿದ್ದರು. ಪಕ್ಕದ ಮನೆಯ ರುಕ್ಮಿಣಿಬಾಯಿ ನಗುತ್ತಿದ್ದರು.

ಅಪ್ಪ ಹೋದ ಆ ರವಿವಾರವೂ ಚರ್ಚಿನಿಂದ ಬಂದೆವು. ದಾರಿಯಲ್ಲಿ ಸಯನ್ ಸ್ಟೇಷನ್ ಬಳಿ ಅಪ್ಪ ವಡಾಪಾವ್ ತಿಂದರು. ಮನೆಗೆ ಬಂದು, ಎದೆ ಉರಿಯುತ್ತಿದೆ ಎಂದು ಮಜ್ಜಿಗೆ ಮಾತ್ರ ಕುಡಿದರು. ನಾನು ಆ ವಾರವೆಲ್ಲ ಗೋರೆಗಾಂವಿನ ಆಫೀಸಿನಲ್ಲಿ ದಿನಕ್ಕೆ ಹನ್ನೆರಡು ತಾಸು ದುಡಿದಿದ್ದೆ. ನನ್ನ ಕೆಲಸ ನಿನಗೆ ಗೊತ್ತಲ್ಲ, ಕಂಡವರ ಫೋನ್ ಎತ್ತಿ ಅವರ ಸಿಟ್ಟು ಕೇಳುವುದು. ಒಂದು ಗಂಟೆ ಯಾರೂ ನನ್ನ ಹೆಸರೆತ್ತಬಾರದು ಎಂದುಕೊಂಡು ಹಾಸಿಗೆಗೆ ಬಿದ್ದೆ.

“ಸುವಾರ್ತಾ.” ಎದ್ದು ಹೋದೆ. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಏನಪ್ಪಾ ಎಂದೆ. “ನಾ ಕರದಿಲ್ಲವಾ, ಹೋಗಿ ಮಲಕೋ.” ಹತ್ತು ನಿಮಿಷದ ಮೇಲೆ ಮತ್ತೆ ಕರೆದರು. ಹೋದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಹಣೆಯಲ್ಲಿ ಬೆವರು. ನಾನು ಅದನ್ನು ಕಂಡೆ ಅವ್ವಾ, ಕಾಣಲಿಲ್ಲ ಎಂದು ಹೇಳುವುದಿಲ್ಲ. ಕಂಡು ಫ್ಯಾನ್ ಜೋರು ಮಾಡಿದೆ. ನನ್ನ ಮುಖವನ್ನೇ ನೋಡಿ ಮತ್ತೆ ಅದೇ ಮಾತು ಅಂದರು, ಹೋಗಿ ಮಲಕೋ. ನನ್ನ ನಿದ್ದೆಗಣ್ಣು ನೋಡಿ ಪಾಪ ಎನಿಸಿತೋ, ನಿಜವಾಗಿ ಆಟವೇ ಆಡುತ್ತಿದ್ದರೋ ಇವತ್ತಿಗೂ ನನಗೆ ತಿಳಿಯದು.

ಮೂರನೆಯ ಸಲ ಕರೆದಾಗ ನಾನು ಏಳಲಿಲ್ಲ. ನಿಯಮದಂತೆ ಮಲಗಿದಲ್ಲಿಂದಲೇ “ಹೇಳು, ಕೇಳಾಕತ್ತೇನಿ” ಎಂದೆ. ಏನೂ ಬರಲಿಲ್ಲ. ಅಪ್ಪನಿಗೇ ನಿದ್ದೆ ಹತ್ತಿತೆಂದು ನಾನೂ ಮಲಗಿದೆ. ನಾಲ್ಕೂವರೆಗೆ ಚಹಾಕ್ಕೆ ಎಬ್ಬಿಸಲು ಹೋದಾಗ ಕೈ ತಣ್ಣಗಿತ್ತು.

ಈಗ ಪ್ರತಿ ರವಿವಾರ ಮೂರರ ಸುಮಾರಿಗೆ ಆ ಕರೆ ಬರುತ್ತದೆ. ತಲೆ ಕೆಟ್ಟಿದೆ ಎನ್ನಬೇಡ. ಪಾಸ್ಟರರಿಗೆ ಹೇಳಿದೆ, ಪ್ರಾರ್ಥನೆ ಮಾಡಿದರು. ಕುರ್ಚಿಯನ್ನು ರುಕ್ಮಿಣಿಬಾಯಿಗೆ ಕೊಟ್ಟುಬಿಟ್ಟೆ, ಖಾಲಿ ಜಾಗದಿಂದಲೇ ಕರೆ ಬಂತು. ಒಂದು ರವಿವಾರ ಬೇಕೆಂದೇ ಗೋರೆಗಾಂವಿನವರೆಗೆ ಲೋಕಲ್ ಹತ್ತಿ ಹೋದೆ. ಅಷ್ಟು ಗದ್ದಲದ ಡಬ್ಬಿಯಲ್ಲೂ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು, “ಸುವಾರ್ತಾ.” ಎದ್ದು ನಿಂತೆ. ಇಳಿಯುತ್ತೀಯಾ ಎಂದು ಕೇಳಿ ಯಾರೋ ನನ್ನ ಸೀಟಿನಲ್ಲಿ ಕೂತರು.

ಎರಡೇ ಸಲ ಕರೆಯುತ್ತಾರೆ ಅವ್ವಾ. ಎರಡು ಸಲವೂ ಎದ್ದು ಹೋಗುತ್ತೇನೆ. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು ಮೂರನೆಯದಕ್ಕೆ ಕಾಯುತ್ತೇನೆ. ಅದು ಬರುವುದಿಲ್ಲ. ಇವತ್ತೂ ಬರಲಿಲ್ಲ, ಅದಕ್ಕೇ ಈ ಕಾಗದ ಬರೆಯಲು ಕೂತೆ.

ಶಬ್ಬೀರಣ್ಣನಿಗೆ ಬರೀ ಹೆಸರು, ಹುಟ್ಟಿದ ದಿನ, ಹೋದ ದಿನ ಕೊಡಲೇ? ನಿನಗೆ ಆ ಸಾಲು ಬೇಕೇ ಬೇಕೆಂದರೆ ಹಾಗೇ ಬರೆ, ನಿನ್ನ ಮಾತು ಮೀರುವುದಿಲ್ಲ. ಆದರೆ ನನ್ನ ಮೇಲೆ ಸಿಟ್ಟಾದರೆ ಅದನ್ನೂ ಬರೆ. ಸುಮ್ಮನಿರಬೇಡ. ಸುಮ್ಮನಿರುವವರು ಈ ಮನೆಯಲ್ಲಿ ಒಬ್ಬರಿದ್ದಾರೆ, ಸಾಕು.

ಇಂತಿ ನಿನ್ನ ಮಗಳು,
ಸುವಾರ್ತಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಉಳಿದಿದೆ. ಮೂರನೆಯ ಸಲ ನಾನು “ಹೇಳು, ಕೇಳಾಕತ್ತೇನಿ” ಎನ್ನಲಿಲ್ಲ. ಸಿಟ್ಟು ಬಂದಿತ್ತು. ದಿಂಬಿನಿಂದ ತಲೆ ಎತ್ತದೆ ಅಪ್ಪನ ಮಾತನ್ನೇ ಅಪ್ಪನಿಗೆ ತಿರುಗಿಸಿ ಹೇಳಿದೆ: “ನಾ ಕರದಿಲ್ಲಪಾ, ಹೋಗಿ ಮಲಕೋ.” ಹೊರಗಿನ ಕೋಣೆಯಿಂದ ಒಂದು ಸದ್ದು ಬಂತು. ಅಪ್ಪ ನಕ್ಕರು ಎಂದುಕೊಂಡು ನಿದ್ದೆ ಹೋದೆ.