ನಾಲ್ಕು ಮೆಟ್ಟಿಲು ಕೆಳಗೆ

ಮನೆ, ಅಡುಗೆಮನೆಯ ಮೇಜು
ಹದಿನಾರನೇ ತಾರೀಖು, ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನವಿಡೀ ಮಾತು ಕಳೆದುಕೊಂಡ ರೋಗಿಗಳ ಮುಂದೆ ಬಗ್ಗಿ ಕೂತು, ‘ಅ ಅನ್ನಿ, ಆ ಅನ್ನಿ’ ಎಂದು ಮತ್ತೆ ಮಾತು ಕಲಿಸುವವಳಿಗೆ ಕುತ್ತಿಗೆ ನೋಯದೆ ಇನ್ನೇನಾಗುತ್ತದೆ! ಆಸ್ಪತ್ರೆಯವರಿಗೆ ಹೇಳಿ ಎತ್ತರದ ಕುರ್ಚಿ ಹಾಕಿಸಿಕೋ. ನಿನ್ನ ಅಮ್ಮನ ಮಗಳಾಗಿ ಒಂದು ಕುರ್ಚಿ ಕೇಳುವುದಕ್ಕೆ ಹಿಂಜರಿದರೆ ಹೇಗೆ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮ ನನಗಿಂತ ಗಟ್ಟಿ. ಈಗ ಸಾಮಾನು ತರಲು ಹೋಗಿದ್ದಾಳೆ, ಬರುವುದರೊಳಗೆ ಇದನ್ನು ಮುಗಿಸಿ ಅಂಚೆ ಡಬ್ಬಿಗೆ ಹಾಕಬೇಕು. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಅಕ್ಷರಗಳನ್ನೆಲ್ಲ ನುಂಗಿ ಮಾತಾಡುತ್ತೀಯ, ಊರಿಗೆಲ್ಲ ಮಾತು ಕಲಿಸುವವಳು! ಅದಕ್ಕಿಂತ ಕಾಗದವೇ ವಾಸಿ.

ವಿಷಯಕ್ಕೆ ಬರುತ್ತೇನೆ. ನೀನು ಹೇಳಿದ್ದನ್ನು ನಾನು ಮಾಡಲಿಲ್ಲ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೈಯುವಷ್ಟು ಬೈ. ಆ ವಿಡಿಯೋ ನೋಡಿ ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಾನೂ ಆ ವಿಡಿಯೋ ಹಾಕಿ ನೋಡಿದೆ. ಯಾರೋ ಪುಣ್ಯಾತ್ಮ ಮೂರನೇ ಸಾಲಿನಿಂದ ಹಿಡಿದ ನಲವತ್ತು ಸೆಕೆಂಡಿನ ವಿಡಿಯೋ. ಅಮ್ಮನಿಗೆ ಹೆಸರು ತಂದ ಆ ಬಸ್ಸಿನ ಹಾಡಿನ ಮೇಲಿನ ಸ್ವರದಲ್ಲಿ ಅವಳ ದನಿ ಒಡೆಯುತ್ತದೆ, ಅಷ್ಟೇ. ಕೆಳಗೆ ಜನ ‘ಅಜ್ಜಿ, ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರಿ’ ಎಂದು ಬರೆದಿದ್ದರು. ‘ಭಾನುವಾರದ್ದೇ ಕೊನೇದು ಅಂತ ಅಮ್ಮನಿಗೆ ನೀವೇ ಹೇಳಿ ಅಪ್ಪ, ಜನ ಇನ್ನೂ ನಗೋಕೆ ಮುಂಚೆ ನಿಲ್ಲಿಸಿಬಿಡಲಿ’ ಎಂದು ನೀನು ಕೇಳಿದೆ. ನಾನು ಆಗಲಿ ಎಂದು ಮಾತು ಕೊಟ್ಟೆ. ಬರೀ ಬಾಯಿಮಾತಿಗಲ್ಲ. ‘ಇದು ಇವರ ಕೊನೆಯ ಕಾರ್ಯಕ್ರಮ’ ಎಂದು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಹೊರಟಿದ್ದೆ. ಅವಳು ಒಪ್ಪಿದರೆ ಕೊನೆಯಲ್ಲಿ ನಾನೇ ಓದಬೇಕು ಎಂದು.

ಒಳಗೊಳಗೇ ನನ್ನ ಅಭಿಪ್ರಾಯವೂ ನಿನ್ನದೇ ಆಗಿತ್ತು ಮಗಳೇ. ನಾನೂ ಅಮ್ಮನೂ ಮದುವೆಯಾದ ಹೊಸತರಲ್ಲಿ ಒಬ್ಬ ಹಳೇ ಗಾಯಕನನ್ನು ನೋಡಲು ಹೋಗಿದ್ದೆವು. ಒಂದು ಕಾಲಕ್ಕೆ ಹುಡುಗಿಯರು ಅವನ ಕಾರಿನ ಹಿಂದೆ ಓಡುತ್ತಿದ್ದರಂತೆ. ಆವತ್ತು ಅವನು ತುಟಿ ಆಡಿಸುತ್ತಿದ್ದ, ಹಾಡುತ್ತಿದ್ದುದು ಟೇಪು. ಮಧ್ಯದಲ್ಲಿ ಟೇಪು ಸಿಕ್ಕಿಹಾಕಿಕೊಂಡಿತು, ಅವನು ಪಾಪ ಬಾಯಿ ತೆರೆದೇ ನಿಂತ. ನಿನ್ನ ಅಮ್ಮ ನನ್ನ ತೋಳು ಹಿಡಿದು, ‘ನಾನು ಹೀಗಾದ್ರೆ ನೀವೇ ಹೇಳ್ಬೇಕು ಆಯ್ತಾ? ಬೇರೆಯವರ ಬಾಯಿಂದ ಕೇಳೋ ಹಾಗಾಗ್ಬಾರ್ದು’ ಎಂದಳು. ಅಂದರೆ ನಾನು ಮಾತು ಕೊಟ್ಟಿದ್ದು ನಿನಗೊಬ್ಬಳಿಗೇ ಅಲ್ಲ. ಅವಳಿಗೂ ಕೊಟ್ಟಿದ್ದೆ, ನೀನು ಹುಟ್ಟುವುದಕ್ಕೂ ಮೊದಲೇ.

ಹೇಳುವ ಧೈರ್ಯವಿಲ್ಲದ ನಾವು ವಾದ್ಯದವರು ಇಷ್ಟು ವರ್ಷ ಏನು ಮಾಡಿದೆವು ಎಂಬುದು ನಿನಗೆ ಗೊತ್ತಿಲ್ಲ. ನನ್ನ ಕೀಬೋರ್ಡಿನ ಎಡಗಡೆ ಒಂದು ಗುಂಡಿ ಇದೆ. ಅದನ್ನು ಒಂದು ಸಲ ಒತ್ತಿದರೆ ಶ್ರುತಿ ಅರ್ಧ ಸ್ವರದಷ್ಟು ಕೆಳಗಿಳಿಯುತ್ತದೆ. ಬೆರಳು ಅದೇ ಜಾಗದಲ್ಲಿ ಓಡಿದರೂ ಹಾಡು ಮಾತ್ರ ಕೆಳಗೆ. ಅವಳಿಗೆ ಅರವತ್ತು ತುಂಬಿದ ವರ್ಷ ಮೊದಲ ಸಲ ಒತ್ತಿದೆ. ನಮ್ಮ ಗಿಟಾರಿನ ಮೌನಿ ಇದ್ದಾನಲ್ಲ, ಅವನು ಏನೂ ಕೇಳದೆ ತನ್ನ ತಂತಿಗಳನ್ನು ಅಷ್ಟೇ ಸಡಿಲಿಸಿಕೊಂಡ. ಡ್ರಮ್ಮಿನ ದಪ್ಪಣ್ಣನಿಗೆ ಇಳಿಸುವುದಕ್ಕೆ ಏನೂ ಇಲ್ಲ, ಗುಟ್ಟು ಕಾಪಾಡುವುದಷ್ಟೇ ಅವನ ಕೆಲಸ. ಅವಳೆದುರಿಗೇ ‘ಇವತ್ತು ಎಷ್ಟು ಮೆಟ್ಟಿಲು?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು, ಸಭಾಂಗಣದ ಮೆಟ್ಟಿಲ ಬಗ್ಗೆ ಕೇಳುವವರ ಹಾಗೆ. ಅವಳೂ ‘ನಿಮ್ಮ ಮಂಡಿಗಳದ್ದೇ ಚಿಂತೆಯಪ್ಪ’ ಎಂದು ನಗುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಮೂರು ಮೆಟ್ಟಿಲು ಇಳಿದೆವು. ನೀನು ನೋಡಿದ ವಿಡಿಯೋ ಆದಮೇಲೆ ನಾಲ್ಕು. ಅದಕ್ಕಿಂತ ಕೆಳಗಿಳಿಸಿದರೆ ಅದು ಅವಳ ಹಾಡೇ ಅಲ್ಲ ಎಂದು ಮೌನಿ ತಲೆಯಾಡಿಸಿದ.

ನಿನ್ನೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ. ಹಿಂದೆ ಸಿನಿಮಾ ತೋರಿಸುತ್ತಿದ್ದ ಹಳೇ ಟಾಕೀಸು. ವೇದಿಕೆಯ ಹಿಂದೆ ಒಂದು ಕಿರುಕೋಣೆ, ಅದರಲ್ಲಿ ಮೂಲೆ ಒಡೆದ ಕನ್ನಡಿ, ಒಂದೇ ಕುರ್ಚಿ. ಅವಳು ಕುರ್ಚಿಯಲ್ಲಿ ಕೂತು, ದನಿ ಹದವಾಗಲೆಂದು ನೀನು ಕಲಿಸಿಕೊಟ್ಟ ಹಾಗೆ ನೀರಿನ ಲೋಟಕ್ಕೆ ಕೊಳವೆ ಹಾಕಿ ಗುಳುಗುಳು ಎಂದು ಊದುತ್ತಿದ್ದಳು. ನೆಲದ ಮೇಲೆ ಕ್ಯಾನ್ವಾಸ್ ಬೂಟು. ಎತ್ತರದ ಹಿಮ್ಮಡಿ ಬಿಟ್ಟು ಆರು ವರ್ಷವಾಯಿತು, ಕೂದಲಿಗೆ ಬಣ್ಣ ಬಿಟ್ಟು ಎರಡು. ನಾನು ಬಾಗಿಲಲ್ಲಿ ನಿಂತು ಮೂರು ಸಲ ಗಂಟಲು ಸರಿಮಾಡಿಕೊಂಡೆ. ಅವಳು ಕೊಳವೆ ತೆಗೆದು, ‘ಏನ್ರೀ, ಹಾಡೋದು ನಾನು, ಗಂಟಲು ಸರಿ ಮಾಡ್ಕೊಳೋದು ನೀವು’ ಎಂದಳು. ನಾನು ಅವಳ ಮುಂದೆ ಕೂತು ಬೂಟಿನ ಲೇಸು ಕಟ್ಟಿದೆ. ಅಷ್ಟೇ ನನ್ನಿಂದ ಆಗಿದ್ದು. ಹೇಡಿ ಎನ್ನು, ಪರವಾಗಿಲ್ಲ.

ಮೊದಲರ್ಧ ಸಲೀಸಾಗಿ ಸಾಗಿತು. ವಿರಾಮದಲ್ಲಿ ಯಾರೋ ನನ್ನ ಕೀಬೋರ್ಡಿನ ಪ್ಲಗ್ಗು ಕಿತ್ತು ಫ್ಯಾನಿನದು ಹಾಕಿದ್ದರು. ಪ್ಲಗ್ಗು ಕಿತ್ತರೆ ಆ ಗುಂಡಿಯ ಲೆಕ್ಕ ಅಳಿಸಿಹೋಗುತ್ತದೆ, ಮತ್ತೆ ನಾಲ್ಕು ಸಲ ಒತ್ತಬೇಕು. ಮರೆತೆ ಎಂದುಕೋ. ವಿರಾಮದ ನಂತರ ಮೊದಲನೆಯದೇ ಬಸ್ಸಿನ ಹಾಡು. ಶುರುವಿನಲ್ಲಿ ನನ್ನ ಕೀಬೋರ್ಡು ಒಂದೇ, ಆಮೇಲೆ ಅವಳ ದನಿ. ಮೌನಿ ಗಿಟಾರಿನಿಂದ ಕೈ ತೆಗೆದು ಕೆಂಡ ಮುಟ್ಟಿದವನ ಹಾಗೆ ಹಿಡಿದುಕೊಂಡ. ದಪ್ಪಣ್ಣ ಕಣ್ಣು ಅರಳಿಸಿ ನನ್ನ ಕಡೆ ನೋಡಿ ಏನೇನೋ ಸನ್ನೆ ಮಾಡಿದ. ಅವನಿಗೆ ಮತ್ತೆ ಹೊಟ್ಟೆಯುಬ್ಬರ ಎಂದುಕೊಂಡು ನಾನು ನುಡಿಸುತ್ತಲೇ ಹೋದೆ. ಅದು ಅವಳು ಇಪ್ಪತ್ತೇಳನೇ ವಯಸ್ಸಿನಲ್ಲಿ ಹಾಡಿದ ಶ್ರುತಿ. ಎಪ್ಪತ್ತೊಂದರ ಹೆಂಗಸನ್ನು ಎಲ್ಲರೆದುರು ಅಲ್ಲಿಗೆ ಹತ್ತಿಸಿಬಿಟ್ಟಿದ್ದೆ. ಮೊದಲ ಚರಣ ಹೇಗೋ ದಾಟಿದಳು. ಮುಂದೆ ಬರುವುದು ಆ ‘ನಿಲ್ಲು’. ಹೊರಟುಹೋಗುವ ಕೊನೆಯ ಬಸ್ಸಿನ ಹಿಂದೆ ಓಡುತ್ತ ಆ ಹುಡುಗಿ ಕೂಗುತ್ತಾಳಲ್ಲ, ಆ ಸ್ವರ. ನಿನ್ನ ವಿಡಿಯೋದಲ್ಲಿ ಒಡೆದದ್ದೂ ಅದೇ, ಅದೂ ಮೂರು ಮೆಟ್ಟಿಲು ಕೆಳಗೆ.

ಅವಳು ಕೈಯೆತ್ತಿದಳು. ನಾನು ನಿಲ್ಲಿಸಿದೆ. ಮೈಕಿನಲ್ಲಿ ಏನು ಹೇಳಿದಳು ಎಂಬುದನ್ನು ಆಮೇಲೆ ದಪ್ಪಣ್ಣ ನನ್ನ ಮುಂದೆ ನಾಲ್ಕು ಸಲ ಆಡಿ ತೋರಿಸಿ ನಕ್ಕಿದ್ದಾನೆ, ಅದರಿಂದ ಅಕ್ಷರಕ್ಕಕ್ಷರ ಬರೆಯಬಲ್ಲೆ. ‘ನೋಡಿ, ನಮ್ಮೆಜಮಾನ್ರು ಇವತ್ತು ಒಂದು ಗುಂಡಿ ಒತ್ತೋದು ಮರೆತಿದಾರೆ. ಹನ್ನೊಂದು ವರ್ಷದಿಂದ ನನಗೆ ಗೊತ್ತಾಗದ ಹಾಗೆ ಈ ಹಾಡನ್ನ ಒಂದೊಂದೇ ಮೆಟ್ಟಿಲು ಇಳಿಸ್ತಾ ಬಂದಿದಾರೆ, ಪಾಪ. ನಾನೂ ಗೊತ್ತಿಲ್ಲದವಳ ಹಾಗೆ ಹಾಡ್ತಾ ಬಂದಿದೀನಿ, ಪಾಪ.’ ಟಾಕೀಸು ಗೊಳ್ಳೆಂದಿತು. ಹಿಂದಿನಿಂದ ಯಾರೋ ‘ಮೇಲಿಂದಲೇ ಹಾಡಿ’ ಎಂದು ಕೂಗಿದರಂತೆ. ‘ಆ ಮೇಲಿನ ಮಹಡೀನ ಖಾಲಿ ಮಾಡಿ ಬಹಳ ದಿನ ಆಯ್ತು. ಈಗ ಅಲ್ಲಿ ಚಿಕ್ಕ ಹುಡುಗೀರು ಇದಾರೆ, ಇರಲಿ, ಚೆನ್ನಾಗಿದಾರೆ. ನಾನು ಕೆಳಗಿನ ಮನೇಲಿದೀನಿ. ಬನ್ನಿ, ಅಲ್ಲಿಗೇ ಬನ್ನಿ’ ಎಂದಳಂತೆ. ಆಮೇಲೆ ಮೈಕು ಬಿಟ್ಟು ನೇರ ನನ್ನ ಹತ್ತಿರ ಬಂದಳು. ನಲವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ನನ್ನ ಕೀಬೋರ್ಡು ಮುಟ್ಟಿದವಳಲ್ಲ. ನನ್ನ ತೋಳಿನ ಕೆಳಗಿನಿಂದ ಕೈ ಹಾಕಿ, ಸರಿಯಾಗಿ ಆ ಗುಂಡಿಯನ್ನೇ ಹುಡುಕಿ, ಒಂದು, ಎರಡು, ಮೂರು, ನಾಲ್ಕು ಎಂದು ಒತ್ತಿದಳು. ಭುಜದ ಮೇಲೆ ಒಂದು ಸಲ ತಟ್ಟಿ ಹೋದಳು. ನನಗೆ ನೆಲವೇ ಬಾಯಿಬಿಡಬಾರದೇ ಎನ್ನಿಸಿತು ಮಗಳೇ.

ಆಮೇಲೆ ಹಾಡಿದಳು. ಇದನ್ನು ನಿನಗೆ ಹೇಗೆ ಹೇಳಲಿ! ಅವಳ ಬೆನ್ನ ಹಿಂದೆ ಕೂತು ಈ ಹಾಡನ್ನು ಎರಡು ಸಾವಿರ ಸಲ ನುಡಿಸಿದ್ದೇನೆ. ಅವಳ ಭುಜ ಎಲ್ಲಿ ಏರುತ್ತದೆ, ಎಲ್ಲಿ ಉಸಿರಿಗೆ ಪಕ್ಕೆ ಹಿಗ್ಗುತ್ತದೆ, ಎಲ್ಲ ಬಾಯಿಪಾಠ. ನಿನ್ನೆ ಒಂದೂ ಹಾಗಾಗಲಿಲ್ಲ. ಓಡುವ ಹುಡುಗಿಯ ಅವಸರವೇ ಇರಲಿಲ್ಲ. ಒಂದೊಂದೇ ಸಾಲು ಹಾಡಿ ನಿಲ್ಲುತ್ತಿದ್ದಳು, ದಪ್ಪಣ್ಣ ಕಡ್ಡಿಗಳನ್ನು ಮಡಿಲಲ್ಲಿಟ್ಟು ಬರೀ ಬೆರಳಿನಿಂದ ತಟ್ಟುತ್ತಿದ್ದ. ‘ನಿಲ್ಲು’ ಬಂತು. ಮೊದಲಾದರೆ ಆ ಜಾಗದಲ್ಲಿ ತಲೆ ಹಿಂದಕ್ಕೆ ವಾಲಿಸಿ, ಕೈಚಾಚಿ, ಕತ್ತಿನ ನರ ಉಬ್ಬಿಸಿ ಕೂಗುತ್ತಿದ್ದಳು, ಬಸ್ಸು ನಿಂತೇ ನಿಲ್ಲುತ್ತದೆ ಎನ್ನುವ ಹಾಗೆ. ಈ ಸಲ ಕೈ ಕೆಳಗೇ ಇತ್ತು. ಕತ್ತು ಅಲುಗಲಿಲ್ಲ. ಮೈಕಿಗೆ ಹತ್ತಿರ ಬಂದು, ಪಕ್ಕದಲ್ಲಿ ಮಲಗಿದವರಿಗೆ ಹೇಳುವ ಹಾಗೆ ಹೇಳಿದಳು. ಬಸ್ಸು ಹೋಗಿ ಬಹಳ ಹೊತ್ತಾಗಿದೆ, ಅದು ಅವಳಿಗೂ ಗೊತ್ತು, ಆದರೂ ಒಂದು ಸಲ ಕರೆದು ನೋಡುತ್ತಿದ್ದಾಳೆ, ಹಾಗೆ.

ಮೊದಲ ಸಾಲಿನಲ್ಲಿ ಒಬ್ಬ ಹೆಂಗಸು ಪೆಪ್ಪರ್‌ಮಿಂಟಿನ ಕಾಗದ ಬಿಚ್ಚುತ್ತಿದ್ದಳು. ಅರ್ಧ ಬಿಚ್ಚಿದ ಕಾಗದ ಹಿಡಿದ ಕೈ ಅಲ್ಲೇ ಉಳಿಯಿತು. ಟಾರ್ಚು ಹಿಡಿದು ಜಾಗ ತೋರಿಸುವವನು ನಡುದಾರಿಯಲ್ಲಿ ನಿಂತವನು ಟಾರ್ಚು ಆರಿಸುವುದನ್ನೇ ಮರೆತಿದ್ದ, ಬೆಳಕು ಅವನ ಬೂಟಿನ ಮೇಲೆ ಬಿದ್ದಿತ್ತು. ಫೋನು ಎತ್ತಿ ಹಿಡಿದವರು ಒಬ್ಬೊಬ್ಬರಾಗಿ ಕೆಳಗಿಳಿಸಿದರು. ಮೂವತ್ತು ವರ್ಷದಲ್ಲಿ ಮುಖದ ಒಂದು ಗೆರೆ ಬದಲಿಸದ ನಮ್ಮ ಮೌನಿ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡ. ಇವಳು ಯಾರು, ಇವಳ ಜೊತೆಗೇ ನಾನು ಇಷ್ಟು ವರ್ಷ ಕಾಫಿ ಕುಡಿದೆನೇ, ಬೆಳಿಗ್ಗೆ ಪೇಪರಿಗಾಗಿ ಇವಳ ಜೊತೆಗೇ ಕಿತ್ತಾಡಿದೆನೇ ಎನ್ನಿಸಿತು. ಹಾಡು ಮುಗಿದಮೇಲೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಎದ್ದು ನಿಂತರು, ಬಾಲ್ಕನಿಯವರೂ.

ಇಪ್ಪತ್ತೇಳರ ಆ ದನಿಯಲ್ಲಿ ಎಷ್ಟು ಉಳಿದಿದೆ ಎಂದು ನಾನು ಹನ್ನೊಂದು ವರ್ಷದಿಂದ ಅಳೆಯುತ್ತ ಕೂತಿದ್ದೆ, ಮೂರ್ಖ. ಅವಳು ಅದನ್ನು ಯಾವತ್ತೋ ಬಿಟ್ಟು ಬಂದಿದ್ದಾಳೆ. ಭಾನುವಾರದ ಹಾಡನ್ನು ಹಾಡಬೇಕಾದರೆ ಎಪ್ಪತ್ತೊಂದು ವರ್ಷವೇ ಆಗಬೇಕು. ಹಾಗೆಂದು ವಯಸ್ಸಾದವರೆಲ್ಲ ಹಾಡುತ್ತಲೇ ಇರಲಿ ಎಂದು ನಾನು ಹೇಳುವುದಿಲ್ಲ. ಆ ಟೇಪಿನವನು ಮನೆಯಲ್ಲೇ ಇರಬೇಕಿತ್ತು, ಇವತ್ತಿಗೂ ಅದೇ ಹೇಳುತ್ತೇನೆ. ಇವಳ ವಿಷಯದಲ್ಲಿ ಮಾತ್ರ ನನ್ನ ಬಾಯಿ ಕಟ್ಟಿಹೋಗಿದೆ.

ಚೀಟಿ ಏನಾಯಿತು ಎಂದು ಕೇಳುತ್ತೀಯ. ವಾಪಸು ಬರುವಾಗ ವ್ಯಾನಿನಲ್ಲಿ ಕನ್ನಡಕಕ್ಕೆಂದು ನನ್ನ ಜೇಬಿಗೆ ಕೈ ಹಾಕಿ ಅದನ್ನೇ ಎಳೆದಳು. ಎರಡು ಸಲ ಓದಿದಳು. ‘ಇದು ನಿಮ್ಮ ಬುದ್ಧಿಯಲ್ಲ, ಮಗಳದು’ ಎಂದಳು. ಸ್ವಲ್ಪ ದೂರ ಹೋದಮೇಲೆ, ‘ನನ್ನ ಮರ್ಯಾದೆ ಕಾಯೋಕೆ ನೋಡ್ತಿದಾಳೆ, ಪಾಪ. ಒಂಬತ್ತು ವರ್ಷ ಆಯ್ತು ಅವಳು ನನ್ನ ಎದುರಿಗೆ ಕೂತು ಕೇಳಿ. ಬಂದು ಕೇಳ್ಲಿ. ಕೇಳಿ ಸಾಕಮ್ಮ ಅಂದ್ರೆ ಆವತ್ತೇ ನಿಲ್ಲಿಸ್ತೀನಿ’ ಎಂದಳು. ಕೋಪವಿರಲಿಲ್ಲ. ನೀನು ಬರಬೇಕು. ಇಪ್ಪತ್ತೆಂಟಕ್ಕೆ ಮತ್ತೆ ಅದೇ ಟಾಕೀಸಿನಲ್ಲಿ ಕಾರ್ಯಕ್ರಮ ಇದೆ.

ಕೆಳಗೆ ಗೇಟಿನ ಹತ್ತಿರ ಅವಳು ಕಾಣುತ್ತಿದ್ದಾಳೆ, ಎರಡೂ ಕೈಯಲ್ಲಿ ಚೀಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ರೋಗಿಗಳೆಲ್ಲ ಬೇಗ ನಿನ್ನನ್ನೇ ಬೈಯುವಷ್ಟು ಮಾತು ಕಲಿಯಲಿ. ತಲೆಯ ಮೇಲೆ ನನ್ನ ಎರಡೂ ಕೈ ಇವೆ ಎಂದುಕೋ.

ನಿನ್ನ ಅಪ್ಪ
(ನಿನ್ನೆಯಿಂದ ಮನೆಯಲ್ಲಿ ನನ್ನ ಹೆಸರು ‘ಗುಂಡಿ ಮರೆತ ಮಹಾಶಯರು’)

ಮರೆತ ಮಾತು: ಬೇಗ ಬೇಗ ಬರೆಯುತ್ತೇನೆ, ಮೆಟ್ಟಿಲು ಹತ್ತುತ್ತಿದ್ದಾಳೆ. ನಾನು ಗುಂಡಿ ಮರೆತಿರಲಿಲ್ಲ. ಒತ್ತಿದ್ದೆ, ಹಳೇ ಗುಂಡಿ, ಒಮ್ಮೊಮ್ಮೆ ಹಿಡಿಯುವುದಿಲ್ಲ, ಆಗಲೂ ಹಿಡಿದಿರಲಿಲ್ಲ. ಶ್ರುತಿ ಮೇಲಿದೆ ಎಂದು ಕಿವಿಯಿದ್ದ ಯಾರಿಗಾದರೂ ಮೊದಲ ಸ್ವರಕ್ಕೇ ತಿಳಿಯಬೇಕಿತ್ತು. ನನಗೆ ತಿಳಿಯಲಿಲ್ಲ. ಬಲಗಿವಿ ಹೋಗಿ ಎರಡು ವರ್ಷ, ಈಗ ಎಡದ್ದೂ ಹೋಗುತ್ತಿದೆ. ಬೆರಳಿನ ಅಭ್ಯಾಸದಿಂದ, ಅವಳ ಭುಜ ನೋಡಿ ನುಡಿಸುತ್ತಿದ್ದೇನೆ. ಎಲ್ಲರೆದುರು ‘ಮರೆತಿದಾರೆ’ ಎಂದಳಲ್ಲ, ನನ್ನ ಕಿವಿಯ ವಿಷಯ ಅವಳಿಗೆ ಗೊತ್ತಿದ್ದೇ ಹಾಗೆಂದಳೋ ಏನೋ, ಕೇಳಲು ಧೈರ್ಯವಿಲ್ಲ. ನಿಮ್ಮ ಆಸ್ಪತ್ರೆಯ ಕಿವಿ ಡಾಕ್ಟರ ಹತ್ತಿರ ಈ ಗುರುವಾರಕ್ಕೆ ಸಮಯ ತೆಗೆದುಕೋ, ನಿನ್ನನ್ನು ನೋಡಲು ಎಂದು ಹೇಳಿ ಬರುತ್ತೇನೆ. ಕೀಬೋರ್ಡು ಬಿಡು ಎಂದರೆ ಬಿಡುತ್ತೇನೆ. ಆ ‘ನಿಲ್ಲು’ ಹೇಗಿತ್ತು ಎಂದು ಮೇಲೆ ಅಷ್ಟೆಲ್ಲ ಬರೆದೆನಲ್ಲ, ಅವಳ ಬೆನ್ನು, ಜನರ ಮುಖ ನೋಡಿ ಬರೆದದ್ದು. ನನಗೆ ಕೇಳಿಸಲಿಲ್ಲ ಮಗಳೇ. ಇಪ್ಪತ್ತೆಂಟರೊಳಗೆ ಏನಾದರೂ ಮಾಡು, ಒಂದು ಸಲ ಕೇಳಬೇಕು.