ತಾಯವ್ವನ ಕೈಗೆ ಮೈಕು

ಹಳಿಯಾಳ,
ಕಬ್ಬಿನ ಗಾಡಿಗಳು ಹಾದಿ ಬಿಡದ ಚಳಿಗಾಲ

ಟಿಕೆಟ್ ತೆಗೆಯದೆ ನನ್ನ ಎಲ್ಲ ಶೋಗಳನ್ನೂ ಕೇಳಿದ ನನ್ನ ಹೊಟ್ಟೆಯ ಮರಿಗೆ,

ನಿನ್ನ ಅವ್ವನ ನಮಸ್ಕಾರ. ದೊಡ್ಡವರು ಸಣ್ಣವರಿಗೆ ನಮಸ್ಕಾರ ಮಾಡಬಾರದು ಎನ್ನುತ್ತಾರೆ. ಆದರೆ ನಮ್ಮ ಕಸುಬಿನಲ್ಲಿ ಕುಳಿತು ಕೇಳುವವರೇ ದೊಡ್ಡವರು. ಅದರಲ್ಲೂ ನಿನ್ನಂಥ ಪ್ರೇಕ್ಷಕ ನನಗೆ ಸಿಕ್ಕಿಲ್ಲ. ನೀನು ಫೋನ್ ನೋಡುವುದಿಲ್ಲ, ನಡುವೆ ಎದ್ದು ಹೋಗುವುದಿಲ್ಲ, ಪಕ್ಕದವರ ಕಿವಿಯಲ್ಲಿ "ಇದು ಹಳೇ ಜೋಕು" ಎಂದು ಊದುವುದಿಲ್ಲ. ಮೊನ್ನೆ ಡಾಕ್ಟರಬಾಯಿ, "ಈಗ ಕೂಸಿಗೆ ಹೊರಗಿಂದೆಲ್ಲಾ ಕೇಳಸ್ತೈತಿ ನೋಡ್ರಿ" ಅಂದಾಗ ಮಾತ್ರ ನನಗೆ ಸ್ವಲ್ಪ ಗಾಬರಿಯಾಯಿತು. ಹುಬ್ಬಳ್ಳಿಯ ಶೋದಲ್ಲಿ ನಾನು ಆಡಿದ ಒಂದೆರಡು ಮಾತು ನಿನ್ನ ವಯಸ್ಸಿಗೆ ತಕ್ಕದ್ದಲ್ಲ. ಅವನ್ನು ಮರೆತುಬಿಡು.

ನಾನು ಹುಟ್ಟಿದ್ದು ದಾಂಡೇಲಿಯ ಕಾಗದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ. ನಿನ್ನ ಅಜ್ಜ, ಅಂದರೆ ನಮ್ಮಪ್ಪ ಸುಭಾಸ, ಧಾರವಾಡ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಮಿಲ್ಲು ಸೇರಿದವನು. ಆ ಮಷಿನ್ನಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ಅಪ್ಪನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಅಪ್ಪನಿಗಷ್ಟೇ ಅಲ್ಲ, ನಮ್ಮ ಕ್ವಾರ್ಟರ್ಸಿನ ಇಡೀ ಸಾಲಿಗೇ ಆ ರೋಗ. ಒಮ್ಮೆ ಅಪ್ಪ ನನಗೆ ಬಂದ ವರನ ಸುದ್ದಿಯನ್ನು ಅವ್ವನಿಗೆ ಗುಟ್ಟಾಗಿ ಹೇಳಿದ. ಆ ಗುಟ್ಟಿಗೆ ಅಕ್ಕಪಕ್ಕದ ಮನೆಗಳಿಂದ ಒಳ್ಳೊಳ್ಳೆಯ ಸಲಹೆಗಳು ಬಂದವು. ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಮಾತಾಡುವುದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ.

ಈ ನಗಿಸುವ ಹುಚ್ಚು ಕಾಲೇಜಿನ ಗ್ಯಾದರಿಂಗಿನಲ್ಲಿ ಹತ್ತಿತು. ಆಮೇಲೆ ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ, ಸಂಜೆ ಒಂದು ಕಾಫಿ ಅಂಗಡಿಯ ಮೂಲೆಯಲ್ಲಿ ನಿಂತು ಮೈಕು ಹಿಡಿದೆ. ಅಲ್ಲಿದ್ದ ಕೆಲವರು ಪಾರ್ಸಲ್‌ಗಾಗಿ ಕಾಯುತ್ತಿದ್ದರು. ಪಾರ್ಸಲ್ ಬಂದರೂ ಒಬ್ಬಾತ ಹೋಗದೆ ನಿಂತ. ಅವನ ದೋಸೆ ಆರಿದ್ದೇ ನನ್ನ ಮೊದಲ ಪ್ರಶಸ್ತಿ. ಬೆಂಗಳೂರಿಗೆ ಹೋದಾಗ ಇನ್ನೊಂದು ಮಜಾ. ನಾನು ವೇದಿಕೆಯ ಮೇಲೆ ನಿಂತು "ಎಲ್ಲಾರಿಗೂ ನಮಸ್ಕಾರ್ರೀ" ಎಂದ ಕೂಡಲೇ ನಕ್ಕರು. ನಾನಿನ್ನೂ ಜೋಕು ಶುರುವೇ ಮಾಡಿರಲಿಲ್ಲ. ಶೋ ಮುಗಿದ ಮೇಲೆ ಒಬ್ಬರು ಬಂದು, ನೀವು ಮಾತಾಡುವುದೇ ಕಾಮಿಡಿ ಎಂದು ಕೈ ಕುಲುಕಿದರು. ಸಿಟ್ಟು ಬಂತು. ಮರುಸಲ ಆ ಸಿಟ್ಟನ್ನೇ ಹೇಳಿ ನಗಿಸಿದೆ. ನಮ್ಮೂರಿಗೆ ಪ್ರವಾಸಿಗರು ರಾಫ್ಟಿಂಗ್ ಎಂದು ಕಾಳಿ ಹೊಳೆಯಲ್ಲಿ ಬೀಳಲಿಕ್ಕೆಂದೇ ದುಡ್ಡು ಕೊಟ್ಟು ಬರುತ್ತಾರೆ, ಸಣ್ಣವಳಿದ್ದಾಗ ನಾನು ಪುಕ್ಕಟೆ ಬಿದ್ದರೆ ಅಪ್ಪ ಕೋಲು ಹುಡುಕುತ್ತಿದ್ದ ಎಂದೆ. ಹೀಗೆ ಒಂದೊಂದೇ ಊರು, ಒಂದೊಂದೇ ಹಾಲ್ ನನ್ನದಾಗುತ್ತಾ ಬಂತು.

ನಿನ್ನ ಅಪ್ಪ ಈರೇಶ ಸಿಕ್ಕಿದ್ದೂ ಶೋದಲ್ಲೇ. ಹಳಿಯಾಳದ ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಸೌಂಡ್ ಸಿಸ್ಟಮ್ ಅಂಗಡಿ. ಒಂದು ಕಾರ್ಯಕ್ರಮಕ್ಕೆ ಮೈಕು ಹಚ್ಚಲು ಬಂದಿದ್ದ. ಇಡೀ ಹಾಲ್ ನಗುತ್ತಿದ್ದರೆ ಇವನೊಬ್ಬ ಮುಖ ಗಂಟಿಕ್ಕಿ ಕೂತಿದ್ದ. ನನಗೆ ಹಟ ಬಂತು. ನನ್ನ ಹತ್ತಿರ ಇದ್ದ ಜೋಕುಗಳೆಲ್ಲ ಅವನ ಮೇಲೇ ಖರ್ಚಾದವು. ಕೊನೆಗೆ ಕೇಳಿದರೆ, "ಜೋಕ ಎಲ್ಲಿ ಕೇಳ್ಲಿರೀ, ಎಡಗಡೆ ಸ್ಪೀಕರ್ ಗುಂಯ್ ಅನ್ನಾಕತ್ತಿತ್ತು" ಎಂದ. ಅಂಥವನನ್ನು ನಗಿಸಬೇಕೆಂದರೆ ಮದುವೆಯಾಗುವುದೊಂದೇ ದಾರಿ ಎನಿಸಿತು.

ಇಲ್ಲಿಂದ ನಿನ್ನ ಅಜ್ಜಿ ತಾಯವ್ವನ ಕತೆ. ನಿಜ ಹೇಳಬೇಕೆಂದರೆ ಈ ಪತ್ರ ಬರೆಯುತ್ತಿರುವುದೇ ಆಕೆಯ ಸಲುವಾಗಿ.

ನಮ್ಮ ಕಡೆ ಹೊಸ ಸೊಸೆ ಹೊಸ್ತಿಲು ದಾಟುವಾಗ ಗಂಡನ ಹೆಸರು ಹೇಳಬೇಕು. ಸುಮ್ಮನೆ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಎರಡು ಸಾಲಿನೊಳಗೆ ಹೆಸರು ಕೂಡಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಹೇಳುವ ತನಕ ಹೆಂಗಸರು ಬಾಗಿಲು ಬಿಡುವುದಿಲ್ಲ. ಅವತ್ತು ಓಣಿಗೆ ಓಣಿಯೇ ಬಾಗಿಲಿಗೆ ಬಂದಿತ್ತು. "ಟಿ.ವಿ.ಯಾಗ ನಗಸಾಕಿ ಬಂದಾಳಂತ, ಕೇಳೂಣು ಬರ್ರಿ" ಎಂದು ಒಬ್ಬರನ್ನೊಬ್ಬರು ಕರೆದಿದ್ದರು. ನಾನು ಟಿ.ವಿ.ಯಲ್ಲಿ ಎಂದೂ ಬಂದಿರಲಿಲ್ಲ, ಆದರೂ ಎದೆ ಉಬ್ಬಿತು. ಸ್ಟ್ಯಾಂಡಪ್ ಕಾಮಿಡಿಯ ರೂಢಿ ಏನೆಂದರೆ, ಮೊದಲು ಆಸಾಮಿ ಯಾರೆಂದು ಹೇಳಬೇಕು, ಆಮೇಲೆ ಅವನ ಮಾನ ಕಳೆಯಬೇಕು. ನಾನು ಗಂಟಲು ಸರಿಮಾಡಿಕೊಂಡು, "ನನ್ನ ಗಂಡನ ಹೆಸರು ಈರೇಶ" ಎಂದು ಶುರು ಮಾಡಿ ಮುಂದಿನ ಜೋಕಿಗೆ ಉಸಿರು ತೆಗೆದುಕೊಂಡೆ.

ಹೆಂಗಸರೆಲ್ಲ ಹೌಹಾರಿದರು. ಒಬ್ಬಾಕೆ ಬಾಯಿಗೆ ಸೆರಗು ಮುಚ್ಚಿದಳು. ಬತ್ತಲೆ ಹೆಸರನ್ನು ಹೊಸ್ತಿಲ ಮೇಲೆ ಎಸೆದುಬಿಟ್ಟಿದ್ದೆ. ನಂತರ ಹೇಳಿದ ಜೋಕು ಯಾರ ಕಿವಿಗೂ ಬೀಳಲಿಲ್ಲ. ಆಗ ಒಳಗಿನ ಅಡಿಗೆಮನೆಯ ಕತ್ತಲಿನಿಂದ ಒಂದು ದನಿ ಬಂತು. "ಹೆಸರ ಕಡೀಕ ಇಡಬೇಕವ್ವಾ. ಮಂದಿ ಕಾಯೋದ ಅದಕ್ಕ. ಮೊದಲ ಕೊಟ್ರ ಉಳಿದಿದ್ದ ಯಾರ ಕೇಳತಾರ?" ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಮದುವೆಯ ದಿನ, ನನ್ನ ಹೊಸ್ತಿಲಲ್ಲಿ, ನನಗಿಂತ ಚೆಂದಾಗಿ ನಗಿಸಿದ್ದು ಒಳಗೆ ಕೂತ ನಮ್ಮತ್ತೆ. ಆ ಕ್ಷಣವೇ ಆಕೆಯನ್ನು ನಾನು ಪ್ರೀತಿಸಿಬಿಟ್ಟೆ.

ಒಂದು ಕಾಲಕ್ಕೆ ಹಳಿಯಾಳದ ಯಾವ ಮದುವೆಯಲ್ಲೂ ತಾಯವ್ವ ಒಡಪು ಹೇಳದೆ ಊಟಕ್ಕೆ ಎಲೆ ಹಾಕುತ್ತಿರಲಿಲ್ಲವಂತೆ. ನಿನ್ನ ಅಜ್ಜ ಶೇಖಪ್ಪ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಅವನನ್ನು ಎರಡು ಸಾಲಿನಲ್ಲಿ ಎತ್ತಿ ಒಗೆದು, ಕೊನೆಯಲ್ಲಿ ಹೆಸರು ಹೇಳುವಾಗ ಮಾತ್ರ ಮೆತ್ತಗಾಗುತ್ತಿದ್ದಳಂತೆ. ಆರು ವರ್ಷದ ಹಿಂದೆ ಶೇಖಪ್ಪ ತೀರಿಕೊಂಡ. ಗಂಡ ಹೋದವಳು ಒಡಪು ಹೇಳುವುದಿಲ್ಲ, ಶುಭಕಾರ್ಯದಲ್ಲಿ ಮುಂದೆ ಕೂಡುವುದಿಲ್ಲ. ತಾಯವ್ವ ತಾನಾಗಿಯೇ ಅಡಿಗೆಮನೆಗೆ ಸರಿದಳು. ಯಾರೂ ಹೋಗು ಎನ್ನಲಿಲ್ಲ, ಯಾರೂ ಬಾ ಎಂದೂ ಕರೆಯಲಿಲ್ಲ.

ನಾನು ಮನೆಗೆ ಬಂದ ಮೇಲೆ ಆಕೆಗೆ ಹೊಸ ಕೆಲಸ ಹಚ್ಚಿದೆ. ಬೆಳಿಗ್ಗೆ ಆಕೆ ರೊಟ್ಟಿ ಬಡಿಯುವಾಗ ಎದುರಿಗೆ ಕೂತು ಹೊಸ ಜೋಕು ಹೇಳುತ್ತಿದ್ದೆ. ಆಕೆ ನಗುತ್ತಿರಲಿಲ್ಲ. ಜೋಕು ಚೆಂದಿದ್ದರೆ ರೊಟ್ಟಿ ಬಡಿಯುವ ಕೈ ಜೋರಾಗುತ್ತಿತ್ತು. ಸಪ್ಪಗಿದ್ದರೆ, "ಇದನ್ನ ಬೆಂಗಳೂರಾಗ ಹೇಳ, ಅವರು ನಗತಾರ" ಎನ್ನುತ್ತಿದ್ದಳು. ಆಕೆ ಪಾಸು ಮಾಡಿದ ಜೋಕು ಇಂದಿನವರೆಗೂ ಎಲ್ಲೂ ಬಿದ್ದಿಲ್ಲ. ಒಡಪು ಹೇಳು ಅತ್ತೀ ಎಂದರೆ ಮಾತ್ರ, "ಹೆಸರ ಇದ್ದಾಂವನ ಇಲ್ಲ, ಯಾರದಂತ ಹೇಳ್ಲಿ" ಎಂದು ಹಂಚು ಒರೆಸುತ್ತಿದ್ದಳು.

ಏಳನೆಯ ತಿಂಗಳಲ್ಲಿ ನನಗೆ ಕುಬಸ ಮಾಡಿದರು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಡಿಲಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಕಣ ಹಾಕಿ ಉಡಿ ತುಂಬುವ ಕಾರ್ಯ. ನಿನ್ನ ಶೇಖಪ್ಪಜ್ಜನ ಅಕ್ಕ ಯಲ್ಲವ್ವ ಮುಂದೆ ನಿಂತು ಎಲ್ಲ ಮಾಡಿಸಿದಳು. ಹೆಸರು ಹೇಳು ಎಂದಾಗ ಈ ಸಲ ನಾನು ತಪ್ಪಲಿಲ್ಲ.

"ಸ್ಟೇಜಿನ ಮ್ಯಾಲ ನಂದು ದಿನಕ್ಕೊಂದು ವೇಷ,
ಮನ್ಯಾಗ ನನ್ನ ವಾಲ್ಯೂಮ್ ಕಡಿಮಿ ಮಾಡಾಂವ ಈರೇಶ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ಖುಷಿಯಲ್ಲಿ ನಾನು ಒಳಗೆ ತಿರುಗಿ, "ಅತ್ತೀ, ಬಾ, ನೀನೂ ಉಡಿ ತುಂಬು" ಎಂದೆ. ನಗು ನಿಂತಿತು. ಯಲ್ಲವ್ವ ನನ್ನ ಭುಜ ಹಿಡಿದು, "ಬ್ಯಾಡವ್ವಾ, ಆಕಿ ಮುಂದ ಬರಬಾರದು. ಕೂಸಿನ ಕಾರ್ಯ ಇದು" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ತನಗೆ ಗೊತ್ತಿದ್ದದ್ದನ್ನು ಹೇಳಿದಳು. ಒಳಗಿನಿಂದ ತಾಯವ್ವನೂ, "ನನಗ ಹೋಳಿಗಿ ಕೆಲಸ ಐತಿ, ನೀವು ಮುಗಸ್ರಿ" ಎಂದಳು. ಕಣ್ಣು ಒರೆಸಿಕೊಂಡೆ. ಮರಿ, ನಿನ್ನ ಸ್ವಂತ ಅಜ್ಜಿ ನಿನ್ನನ್ನು ಮೊದಲ ಬಾರಿ ಹರಸುವ ಹೊತ್ತಿನಲ್ಲಿ ಹೋಳಿಗೆಯ ನೆಪ ಹೇಳಬೇಕಾಯಿತಲ್ಲ!

ಅದೇ ವಾರ ದಾಂಡೇಲಿಯಲ್ಲಿ ನನ್ನ ಶೋ. ಹೆರಿಗೆಗೆ ಮೊದಲಿನ ಕೊನೆಯದು, ಹುಟ್ಟಿದ ಊರಿನಲ್ಲಿ ಮೊದಲನೆಯದು. ತಾಯವ್ವ ಅಲ್ಲಿಯವರೆಗೆ ನನ್ನ ಒಂದು ಶೋಗೂ ಬಂದಿರಲಿಲ್ಲ. ನಿನ್ನ ಮಗ ಮೈಕು ನೋಡುತ್ತಾನೆ, ಬಸುರಿಯನ್ನು ಯಾರು ನೋಡುತ್ತಾರೆ ಎಂದು ಕಾಡಿ ಹೊರಡಿಸಿದೆ. ಯಲ್ಲವ್ವನೂ ಗಾಡಿ ಹತ್ತಿದಳು. ಸಂಜೆಯ ಹೊತ್ತಿಗೆ ಹಾಲ್ ತುಂಬಿತ್ತು. ಶಿಫ್ಟು ಮುಗಿಸಿ ಬಂದವರು, ಆಟೋದವರು, ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದ ನೆರೆಹೊರೆಯ ಹೆಂಗಸರು. ನಮ್ಮಪ್ಪ ಎಲ್ಲರಿಗೂ ಜಾಗ ಬಿಟ್ಟುಕೊಟ್ಟು ಹಿಂದಿನ ಗೋಡೆಗೆ ಆತು ನಿಂತಿದ್ದ.

ಹೊಸ್ತಿಲಿನಲ್ಲಿ ಮರ್ಯಾದೆ ಹೋದ ಕತೆ ಹೇಳಿದೆ. ಹಾಲ್ ನಕ್ಕಿತು. "ನನಗ ಪಾಠ ಕಲಿಸಿದಾಕಿ ಇಲ್ಲೇ ಮುಂದ ಕುಂತಾಳ್ರಿ" ಎಂದೆ. ಚಪ್ಪಾಳೆ ಬಿತ್ತು. ತಾಯವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ನಾನು ಅಷ್ಟಕ್ಕೇ ಬಿಡುವವಳಿದ್ದೆ. ಆದರೆ ಶೋ ನಡೆಯುವಾಗ ಪ್ರಳಯವಾದರೂ ತನ್ನ ಸೌಂಡ್ ಡಬ್ಬಿ ಬಿಟ್ಟು ಏಳದ ನಿನ್ನ ಅಪ್ಪ ಎದ್ದು ಬಂದ. ಇನ್ನೊಂದು ಮೈಕು ತಂದು ತನ್ನ ಅವ್ವನ ಮುಂದೆ ಹಿಡಿದ. "ಅವ್ವಾ, ಅಪ್ಪನ ಹೆಸರ ಹೇಳ" ಎಂದ. ಮೈಕಿನಲ್ಲೇ ಹೇಳಿದ್ದರಿಂದ ಎಲ್ಲರಿಗೂ ಕೇಳಿತು.

ಜೋಕು ಬಿದ್ದರೆ ಇನ್ನೊಂದು ಹೇಳಬಹುದು. ಇಷ್ಟು ಜನರ ಎದುರು ತಾಯವ್ವನ ಮನಸ್ಸು ಬಿದ್ದರೆ ಎತ್ತುವುದು ಹೇಗೆ? ಆಕೆ ಇನ್ನೆಂದೂ ಅಡಿಗೆಮನೆಯಿಂದ ಹೊರಗೆ ಬರಲಿಕ್ಕಿಲ್ಲ ಎನಿಸಿತು. ಪಕ್ಕದಲ್ಲಿ ಯಲ್ಲವ್ವ ಬಿಗಿಯಾಗಿ ಕೂತಿದ್ದಳು.

ತಾಯವ್ವ ಮೈಕು ತೆಗೆದುಕೊಂಡು ತಿರುಗಿಸಿ ನೋಡಿದಳು. "ಇದು ಚಾಲೂ ಐತೇನೋ?" ಎಂದಳು. ಹಾಲ್ ನಕ್ಕಿತು. ಆಕೆ ನಗು ಮುಗಿಯುವ ತನಕ ಕಾದಳು, ಮರಿ. ಕಾದಳು! ನನಗೆ ಅದು ಬರಲು ವರ್ಷಗಳು ಹಿಡಿದವು. ಆಮೇಲೆ ಮೆಲ್ಲಗೆ, "ನಮ್ಮನಿಯವರು ಹೋಗ್ಯಾರ್ರಿ. ಹೋದವರ ಹೆಸರ ಒಡಪಿನ್ಯಾಗ ಹೇಳಬಾರದಂತಾರ. ಹೇಳ್ಲೋ, ಬ್ಯಾಡೋ?" ಎಂದಳು.

ಹಿಂದಿನ ಗೋಡೆಯಿಂದ ನಮ್ಮಪ್ಪನ ಮಿಲ್ಲಿನ ದನಿ, ಮೈಕಿಲ್ಲದೆಯೇ, ಇಡೀ ಹಾಲ್ ದಾಟಿ ಬಂತು. "ಹೇಳ್ರೀ ಬೀಗತೀ! ಮನಿಶಾ ಹೋಗ್ಯಾನ, ಹೆಸರೇನ ಹೋಗೈತೇನ್ರೀ!"

ತಾಯವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಕಾರ್ಖಾನಿಗೆ ಕಬ್ಬ ಹೊಡದಾಂವ ಹೋಗಿ ಆರ ವರ್ಸಾತಪ್ಪ,
ಕನಸಿನ್ಯಾಗ ಬಂದ್ರೂ ಚಾದಾಗ ಸಕ್ರಿ ಕಮ್ಮಿ ಅಂತಾನ ನಮ್ಮ ಶೇಖಪ್ಪ!"

ಅಂಥ ನಗುವನ್ನು ನಾನು ಯಾವ ಊರಿನಲ್ಲೂ ಕೇಳಿಲ್ಲ. ಗಂಡಸರು ಚಪ್ಪಾಳೆ ತಟ್ಟಿದರು, ಹೆಂಗಸರು ನಗುತ್ತಲೇ ಅತ್ತರು. ಈರೇಶ ಅವ್ವನ ಪಕ್ಕದಲ್ಲಿ ನಿಂತು ಬಾಯಿ ತೆರೆದು ನಗುತ್ತಿದ್ದ, ಯಾವ ಸ್ಪೀಕರ್ ಏನು ಅನ್ನುತ್ತಿದೆ ಎಂಬ ಪರಿವೆಯೇ ಅವನಿಗಿರಲಿಲ್ಲ. ಯಲ್ಲವ್ವ ತಮ್ಮನ ಹೆಸರು ಕೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ಮೊದಲು ತಿಳಿಯಲಿಲ್ಲ. ಆಮೇಲೆ ಆಕೆಯೇ ತಾಯವ್ವನ ಕೈ ಜಗ್ಗಿ, "ಅವನ ಗೊರಕಿದೊಂದ ಹೇಳ್ತಿದ್ದಿಯಲ್ಲ, ಅದನ್ನೂ ಹೇಳ" ಎಂದಳು. ತಾಯವ್ವ ಹೇಳಿದಳು. ಅದಾದ ಮೇಲೆ ಇನ್ನೊಂದು ಹೇಳಿದಳು. ಮೈಕು ವಾಪಸು ಕೊಡುವ ಲಕ್ಷಣವೇ ಕಾಣಲಿಲ್ಲ. ನನ್ನ ಹೆಸರಿನ ಪೋಸ್ಟರ್ ಕೆಳಗೆ ನಾನು ಸ್ಟೂಲು ಎಳೆದುಕೊಂಡು, ನಿನ್ನನ್ನು ಹಿಡಿದುಕೊಂಡು, ಹೊಟ್ಟೆ ನೋಯುವಷ್ಟು ನಕ್ಕೆ. ಅವತ್ತು ನಿನಗೆ ತುಂಬಾ ಅಲುಗಾಟ ಆಗಿದ್ದರೆ ಅದಕ್ಕೆ ಕಾರಣ ಅದೇ.

ಇವತ್ತು ಬೆಳಿಗ್ಗೆ ಯಲ್ಲವ್ವ ನಮ್ಮ ಬಾಗಿಲಿಗೆ ಬಂದಳು. ಮುಂಡಗೋಡದಲ್ಲಿ ಆಕೆಯ ಮೊಮ್ಮಗಳು ಲಕ್ಷ್ಮಿಗೆ ಕುಬಸವಂತೆ. "ತಾಯವ್ವಾ, ನೀ ಬರಬೇಕು. ಬಂದು ಒಳಗ ಹೋಗಿ ಕುಂದ್ರೂದಲ್ಲ, ನನ್ನ ಬಾಜೂಕ ಮುಂದ ಕುಂದ್ರಬೇಕು" ಎಂದಳು. ತಾಯವ್ವ ಹಿಟ್ಟಿನ ಕೈ ತೊಳೆದುಕೊಂಡು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬೇಡ ಎನ್ನುತ್ತಾಳೇನೋ ಎಂದು ನಾನು ಹೆದರಿದೆ. ಬಂದಾಗ ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಮೊರದ ತುಂಬ ಅಕ್ಕಿ, ಅದರ ಮೇಲೆ ಕೊಬ್ಬರಿ ಬಟ್ಟಲು, ಒಂದು ಹಸಿರು ಕಣ. "ನಿಂದರವ್ವಾ, ಮೊದಲ ನನ್ನ ಸೊಸೀದು ಆಗಲಿ" ಎಂದಳು.

ಯಲ್ಲವ್ವ ಮುಂದೆ ಬಂದು, ತಾಯವ್ವನ ಕೈಯಿಂದ ಮೊರ ಇಸಿದುಕೊಂಡು ತಾನು ಹಿಡಿದಳು. ನಿನ್ನ ಅಜ್ಜಿ ಎರಡೂ ಕೈ ತುಂಬ ಅಕ್ಕಿ ಎತ್ತಿ ನನ್ನ ಉಡಿಗೆ ಸುರಿದಳು. ಅಕ್ಕಿ ಅರ್ಧ ನೆಲಕ್ಕೆ ಬಿತ್ತು, ಯಾರೂ ಆರಿಸಲಿಲ್ಲ.

ಈಗ ಅವರಿಬ್ಬರೂ ಮುಂಡಗೋಡದ ಬಸ್ಸಿನಲ್ಲಿದ್ದಾರೆ. ನಾನು ಉಡಿ ಬಿಚ್ಚದೆ ಕೂತು ನಿನಗೆ ಬರೆಯುತ್ತಿದ್ದೇನೆ. ನೀನು ಬರುವಾಗ ಅಳುತ್ತಲೇ ಬಾ, ಎಲ್ಲರೂ ಹಾಗೇ ಬಂದವರು. ಆಮೇಲಿನದನ್ನು ನಮಗೆ ಬಿಡು. ಮಂದಿಯ ನಡುವೆ ಬೆಳೆ, ಮನಸಾರೆ ನಗು, ಒಳಗೆ ಕೂತವರು ಕಂಡರೆ ಕೈ ಹಿಡಿದು ಮುಂದಕ್ಕೆ ಕರೆ. ನೂರು ವರ್ಷ ಬಾಳು, ಕಂದಾ.

ನಿನ್ನ ದಾರಿ ಕಾಯುತ್ತಿರುವ, ಉಡಿ ತುಂಬಿದ
ಅವ್ವ,
ಸುಮಿತಾ